ಮಕ್ಕಳೇ ಮಾಡಬಹುದಾದ ಚೀಸ್‌ಕೇಕ್

ಮಕ್ಕಳನ್ನು ಅಡುಗೆಮನೆಗೆ ಯಾವಾಗಿನಿಂದ ಸೇರಿಸಿಕೊಳ್ಳಬೇಕು ಅಂತ ಕೇಳಿದ್ದೀರಲ್ಲ, ಐದಾರು ವರ್ಷಕ್ಕೇ ಶುರು ಮಾಡಿ ಅಂತ ನಾನು ಹೇಳುತ್ತೇನೆ. ಮೊದಲ ಪಾಠಕ್ಕೆ ಓವನ್ ಬೇಡದ ಚೀಸ್‌ಕೇಕ್‌ಗಿಂತ ಒಳ್ಳೆಯದು ನನಗೆ ಕಾಣುವುದಿಲ್ಲ. ಬೆಣ್ಣೆ ಕರಗಿಸುವುದು ಬಿಟ್ಟರೆ ಬಿಸಿಯ ಕೆಲಸವೇ ಇಲ್ಲ. ಮೊಟ್ಟೆಯೂ ಬೇಡ. ಓವನ್ ಇಲ್ಲದ ಬಾಡಿಗೆ ಮನೆಯಲ್ಲಿರುವವರಿಗೂ ಒಂದು ಫ್ರಿಜ್ ಇದ್ದರೆ ಆಯಿತು.

200 ಗ್ರಾಂ ಡೈಜೆಸ್ಟಿವ್ ಬಿಸ್ಕತ್ತನ್ನು ದಪ್ಪ ಕವರ್‌ಗೆ ಹಾಕಿ, ಲಟ್ಟಣಿಗೆಯನ್ನು ಮಗುವಿನ ಕೈಗೆ ಕೊಡಿ. ಮನೆಯೆಲ್ಲ ಸದ್ದು ಮಾಡುತ್ತಾ ಕುಟ್ಟುತ್ತಾರೆ, ಕುಟ್ಟಲಿ ಬಿಡಿ. ಪುಡಿಗೆ 100 ಗ್ರಾಂ ಕರಗಿಸಿದ ಬೆಣ್ಣೆ ಬೆರೆಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು. 20 ಸೆಂಟಿಮೀಟರಿನ, ತಳ ಬಿಚ್ಚುವ ಟಿನ್ನಿಗೆ ಹಾಕಿ ಲೋಟದ ತಳದಿಂದ ಚೆನ್ನಾಗಿ ಒತ್ತಿ, ಅರ್ಧ ಗಂಟೆ ಫ್ರಿಜ್‌ನಲ್ಲಿಡಿ.

ಜಾಸ್ತಿ ಜನರಿಗೆ ಕೈಕೊಡುವುದು ಮೇಲಿನ ಪದರ. 400 ಗ್ರಾಂ ಕ್ರೀಮ್ ಚೀಸ್, 80 ಗ್ರಾಂ ಪುಡಿ ಸಕ್ಕರೆ, ಒಂದು ದೊಡ್ಡ ಚಮಚ ನಿಂಬೆರಸ, ಸ್ವಲ್ಪ ವೆನಿಲ್ಲಾ, ಇಷ್ಟನ್ನೂ ನುಣ್ಣಗೆ ಕಲಸಿ. ಚೀಸನ್ನು ಮೊದಲೇ ಅರ್ಧ ಗಂಟೆ ಹೊರಗಿಡಿ, ಇಲ್ಲದಿದ್ದರೆ ಗಂಟು ಉಳಿಯುತ್ತದೆ. 250 ಎಂಎಲ್ ವಿಪ್ಪಿಂಗ್ ಕ್ರೀಮ್ ಮಾತ್ರ ತಣ್ಣಗೇ ಇರಬೇಕು, ಅದನ್ನು ಬೇರೆ ಪಾತ್ರೆಯಲ್ಲಿ ಕಡೆಯಿರಿ. ಬೀಟರ್ ಎತ್ತಿದಾಗ ಕ್ರೀಮಿನ ತುದಿ ಬಾಗದೆ ನಿಂತರೆ ಸಾಕು, ಇನ್ನೂ ಕಡೆದರೆ ಬೆಣ್ಣೆಯಾಗಿಬಿಡುತ್ತದೆ. ಆಮೇಲೆ ಎರಡನ್ನೂ ಮೆಲ್ಲಗೆ ಸೇರಿಸಿ, ಟಿನ್ನಿನಲ್ಲಿರುವ ಬಿಸ್ಕತ್ತಿನ ಪದರದ ಮೇಲೆ ಹರಡಿ.

ಕಡಿಮೆ ಕೊಬ್ಬಿನ ಚೀಸ್ ದಯವಿಟ್ಟು ತರಬೇಡಿ. ತಣ್ಣಗಾದಾಗ ಗಟ್ಟಿಯಾಗುವುದು ಆ ಕೊಬ್ಬೇ ಅಲ್ವಾ? ಅದಿದ್ದರೆ ಗಟ್ಟಿಯಾಗಿಸಲು ಹಾಕುವ ಜೆಲಾಟಿನ್ ಬೇಕಾಗುವುದೇ ಇಲ್ಲ. ಸಸ್ಯಾಹಾರಿಗಳಿಗೆ ಇದು ದೊಡ್ಡ ನೆಮ್ಮದಿ. ಜೆಲಾಟಿನ್ ಮಾಡುವುದು ಪ್ರಾಣಿಗಳ ಚರ್ಮ, ಮೂಳೆಯಿಂದ. ಅಂಗಡಿಯ ರೆಡಿ ಚೀಸ್‌ಕೇಕ್‌ಗಳಲ್ಲಿ ಅದು ಎಷ್ಟೋ ಸಲ ಇರುತ್ತದೆ, ಹಾಗಾಗಿ ಲೇಬಲ್ ಓದಿಯೇ ತನ್ನಿ. ಓದು ಬರುವ ಮಗು ಜೊತೆಗಿದ್ದರೆ ಅದರ ಕೈಯಲ್ಲೇ ಓದಿಸಿ. ನಾಳೆ ಶಾಲೆಯಲ್ಲೋ ಗೆಳೆಯರ ಮನೆಯಲ್ಲೋ ತಾನೇ ನೋಡಿ ತಿನ್ನಲು ಕಲಿಯುತ್ತದೆ.

ಮಕ್ಕಳಿಗೆ ಕಷ್ಟವಾಗುವುದು ಕಾಯುವುದು. ಫ್ರಿಜ್‌ನಲ್ಲಿ ಗಟ್ಟಿಯಾಗಲು ಆರರಿಂದ ಎಂಟು ಗಂಟೆ ಬೇಕೇ ಬೇಕು. ರಾತ್ರಿ ಮಾಡಿಟ್ಟು ಮಲಗಿಸಿಬಿಡಿ, ಅದೇ ಸುಲಭ. ಅವಸರಕ್ಕೆ ಫ್ರೀಜರ್‌ಗೆ ಹಾಕಿದರೆ ಅಂಚು ಕಲ್ಲಾಗಿ ನಡುವೆ ಮೆತ್ತಗೇ ಉಳಿಯುತ್ತದೆ. ಹಣ್ಣುಗಳನ್ನು ಬಡಿಸುವ ಹೊತ್ತಿಗೆ ಇಡಿ, ಮೊದಲೇ ಇಟ್ಟರೆ ನೀರು ಬಿಡುತ್ತದೆ. ಕತ್ತರಿಸುವ ಕೆಲಸ ದೊಡ್ಡವರದು: ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಪ್ರತಿ ತುಂಡಿಗೂ ಹಾಗೇ ಮಾಡಿ. ಉಳಿದದ್ದನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ.