ಚೆಂಗ್ಡುವಿನ ಹಾಟ್‌ಪಾಟ್: ಸಸ್ಯಾಹಾರಿಗಳು ಮೊದಲು ಕೇಳಬೇಕಾದದ್ದು ಸಾರಿನ ಬಗ್ಗೆ

ಪ್ರಶ್ನೆ: ನಮಸ್ಕಾರ ಸರ್. ನಾವು ಮುಂದಿನ ತಿಂಗಳು ಚೀನಾದ ಚೆಂಗ್ಡು ಮತ್ತು ಚೊಂಗ್‌ಚಿಂಗ್‌ಗೆ ಹೊರಟಿದ್ದೇವೆ. ಅಲ್ಲಿ ಹಾಟ್‌ಪಾಟ್, ಅಂದರೆ ಮೇಜಿನ ಮೇಲೆಯೇ ಕುದಿಯುವ ಸಾರಿನಲ್ಲಿ ತರಕಾರಿ, ಮಾಂಸಗಳನ್ನು ನಾವೇ ಬೇಯಿಸಿಕೊಂಡು ತಿನ್ನುವ ಊಟ, ಮಾಡಬೇಕೆಂದಿದ್ದೇವೆ. ಅಮ್ಮ ಮತ್ತು ನಾನು ಸಸ್ಯಾಹಾರಿಗಳು. ನಮ್ಮ ಯಜಮಾನರು ಮತ್ತು ಮಗ ಮಾಂಸ ತಿನ್ನುತ್ತಾರೆ. ಎರಡು ಭಾಗವಿರುವ ಪಾತ್ರೆ ಕೇಳಿ ಪಡೆದು, ಒಂದು ಭಾಗವನ್ನು ನಮಗಿಟ್ಟುಕೊಂಡರೆ ಸಾಕೇ?

ಪ್ರವಾಸ ಮಾರ್ಗದರ್ಶಕರ ಉತ್ತರ: ನಮಸ್ಕಾರ ಮೇಡಂ. ಎಲ್ಲರೂ ಒಂದೇ ಮೇಜಿನಲ್ಲಿ ಕುಳಿತು ಉಣ್ಣಬಹುದು, ಆದರೆ ಪಾತ್ರೆಗೆ ಅಡ್ಡಗೋಡೆ ಇದ್ದ ಮಾತ್ರಕ್ಕೆ ನಿಮ್ಮ ಭಾಗ ಸಸ್ಯಾಹಾರವಾಗುವುದಿಲ್ಲ. ಚೊಂಗ್‌ಚಿಂಗ್ ಶೈಲಿಯ ಕೆಂಪು ಸಾರಿನ ಜೀವಾಳವೇ ದನದ ಕೊಬ್ಬು. ಒಣಮೆಣಸಿನಕಾಯಿ, ಸಿಚುವಾನ್ ಮೆಣಸು, ಹುದುಗು ಬರಿಸಿದ ಕಾಳಿನ ಖಾರದ ಗೊಜ್ಜು, ಎಲ್ಲವನ್ನೂ ಆ ಕೊಬ್ಬಿನಲ್ಲೇ ಹುರಿದಿರುತ್ತಾರೆ. ಸಾರು ಆರಿದರೆ ಅದು ಮೇಲೆ ಮೇಣದಂತೆ ಹೆಪ್ಪುಗಟ್ಟುತ್ತದೆ. ಪಕ್ಕದ ಭಾಗದಲ್ಲಿ ಬೆಳ್ಳಗೆ ಕಾಣುವ ಸಪ್ಪೆ ಸಾರು ಸಾಮಾನ್ಯವಾಗಿ ಹಂದಿಯ ಅಥವಾ ಕೋಳಿಯ ಮೂಳೆಯನ್ನು ಕುದಿಸಿ ತೆಗೆದದ್ದು. ಪಟ್ಟಿಯಲ್ಲಿ ಅಣಬೆ ಸಾರು, ಟೊಮೆಟೊ ಸಾರು ಎಂದು ಬರೆದಿದ್ದರೂ ಎಷ್ಟೋ ಕಡೆ ಅದಕ್ಕೂ ಈ ಮೂಳೆಸಾರೇ ಆಧಾರ.

ಆದ್ದರಿಂದ ಒಬ್ಬೊಬ್ಬರಿಗೂ ಬೇರೆಬೇರೆ ಪುಟ್ಟ ಪಾತ್ರೆ ಕೊಡುವ ಹೋಟೆಲನ್ನೇ ಹುಡುಕಿ. ಹಂಚಿಕೊಂಡ ಪಾತ್ರೆಯಲ್ಲಿ ಕುದಿ ಹೆಚ್ಚಾದಾಗ ಸಾರು ಅಡ್ಡಗೋಡೆಯನ್ನು ದಾಟಿ ಚಿಮ್ಮುತ್ತದೆ. ನಿಮ್ಮ ಪಾತ್ರೆಗೆ ಬರೀ ನೀರು ಕೇಳಿ, ಶುಂಠಿ, ಈರುಳ್ಳಿ ಹೂ, ಟೊಮೆಟೊ ಮತ್ತು ಎರಡು ಮೂರು ಬಗೆಯ ಅಣಬೆಗಳನ್ನು ಮೊದಲೇ ಹಾಕಿ ಹತ್ತು ನಿಮಿಷ ಕುದಿಸಿದರೆ ರುಚಿಯಾದ ಸಾರು ಸಿದ್ಧವಾಗುತ್ತದೆ. ಆಮೇಲೆ ತಾವರೆ ದಂಟು, ಆಲೂಗಡ್ಡೆ ಬಿಲ್ಲೆ, ತೋಫು, ಸೊಪ್ಪು, ಕೊನೆಗೆ ಗೆಣಸಿನ ಹಿಟ್ಟಿನ ಶಾವಿಗೆ.

ಫೋನಿನಲ್ಲಿ ಚೀನೀ ಭಾಷೆಯ ಸಂದೇಶವೊಂದನ್ನು ಬರೆಸಿಟ್ಟುಕೊಳ್ಳಿ. ‘ಮಾಂಸ ಬೇಡ’ ಎಂದಷ್ಟೇ ಬರೆದರೆ ತುಂಡುಗಳನ್ನು ಮಾತ್ರ ಬಿಡುತ್ತಾರೆ. ಮೂಳೆಸಾರು, ಪ್ರಾಣಿಯ ಕೊಬ್ಬು, ಮೀನು, ಮೊಟ್ಟೆ, ಹೀಗೆ ನಿಮಗೆ ಬೇಡದ್ದನ್ನೆಲ್ಲ ಹೆಸರಿಸಿರಬೇಕು. ಅಮ್ಮನವರು ಕಟ್ಟುನಿಟ್ಟಿನವರಾದರೆ ಒಂದು ಹೊತ್ತಿನ ಊಟಕ್ಕೆ ಚೆಂಗ್ಡುವಿನ ವೆನ್‌ಶು ಬೌದ್ಧ ವಿಹಾರದ ಸಸ್ಯಾಹಾರಿ ಭೋಜನಶಾಲೆಗೆ ಕರೆದೊಯ್ಯಿರಿ. ಚೀನೀ ಬೌದ್ಧ ವಿಹಾರಗಳ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಳಸದಿರುವುದು ಸಂಪ್ರದಾಯ.

ಪ್ರಶ್ನೆ: ತುಂಬ ಉಪಕಾರವಾಯಿತು ಸರ್. ಮಗನಿಗೆ ಕೆಂಪು ಸಾರನ್ನೇ ತಿನ್ನಬೇಕೆಂಬ ಆಸೆ. ಖಾರ ತಡೆಯಬಹುದೇ? ಮಾಂಸವನ್ನು ಎಷ್ಟು ಹೊತ್ತು ಬೇಯಿಸಬೇಕು?

ಉತ್ತರ: ಅತಿ ಕಡಿಮೆ ಖಾರದ ಸಾರನ್ನೇ ಕೇಳಲಿ, ಚೊಂಗ್‌ಚಿಂಗ್‌ನಲ್ಲಿ ಅದೂ ಸಾಕಷ್ಟು ಖಾರವಾಗಿಯೇ ಇರುತ್ತದೆ. ಸಿಚುವಾನ್ ಮೆಣಸಿನಿಂದ ನಾಲಿಗೆ ಜುಮ್ಮೆಂದು ಮರಗಟ್ಟಿದರೆ ಗಾಬರಿ ಬೇಡ, ಅದು ನಮ್ಮ ಕರಾವಳಿಯವರು ಮೀನುಸಾರಿಗೆ ಹಾಕುವ ಜುಮ್ಮನಕಾಯಿಯ ಕುಲಕ್ಕೇ ಸೇರಿದ್ದು. ಎಳ್ಳೆಣ್ಣೆಗೆ ಜಜ್ಜಿದ ಬೆಳ್ಳುಳ್ಳಿ ಬೆರೆಸಿ, ಬೆಂದ ತುಂಡನ್ನು ಅದರಲ್ಲಿ ಅದ್ದಿ ತಿನ್ನುವುದು ಅಲ್ಲಿನ ಪದ್ಧತಿ, ಅದರಿಂದ ಖಾರವೂ ಬಿಸಿಯೂ ತಗ್ಗುತ್ತದೆ. ಆದರೆ ಅದ್ದುವ ಪದಾರ್ಥಗಳ ಸಾಲಿನಲ್ಲಿ ಕಪ್ಪಗೆ, ಗಟ್ಟಿಯಾಗಿ ಕಾಣುವ ಆಯ್ಸ್ಟರ್ ಸಾಸ್ ಇರುತ್ತದೆ. ಅದು ಸಿಂಪಿಯಿಂದ ಮಾಡಿದ್ದಾದ್ದರಿಂದ ನೀವು ಮತ್ತು ಅಮ್ಮ ಬಡಿಸಿಕೊಳ್ಳಬೇಡಿ.

ದನದ ಜಠರದ ತೆಳುವಾದ ಹಾಳೆಗಳನ್ನು ಚಾಪ್‌ಸ್ಟಿಕ್‌ನಲ್ಲಿ ಹಿಡಿದು, ಸಾರಿನಲ್ಲಿ ಏಳೆಂಟು ಬಾರಿ ಅದ್ದಿ ಎತ್ತಿ, ಸುಮಾರು 15 ಸೆಕೆಂಡಿನಲ್ಲಿ ತಿನ್ನುತ್ತಾರೆ. ಕೋಳಿ ಮತ್ತು ಹಂದಿ ಮಾಂಸಕ್ಕೆ ಆ ಲೆಕ್ಕ ಹಿಡಿಯಬಾರದು; ಒಳಗಿನ ಕೆಂಪು ಪೂರ್ತಿ ಹೋಗುವವರೆಗೆ ಬೇಯಲಿ. ಹಸಿ ಮಾಂಸ ಹಾಕುವುದಕ್ಕೆ ಒಂದು ಜೊತೆ ಚಾಪ್‌ಸ್ಟಿಕ್, ತಿನ್ನುವುದಕ್ಕೆ ಇನ್ನೊಂದು ಜೊತೆ ಇರಲಿ, ಕೇಳಿದರೆ ಕೊಡುತ್ತಾರೆ.