ಕೃತಜ್ಞತೆ ಅಂತ ದಿನಾ ಅದೇ ಮೂರು ಸಾಲು ಬರೆಯುತ್ತಿದ್ದೇನೆ. ನಿಮಗೆ ಹೊಸದಾಗಿ ಏನು ಕಾಣಿಸುತ್ತದೆ?

ಇರುಳುದೀಪ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ರಾತ್ರಿ ಮಲಗುವ ಮುಂಚೆ, ಆ ದಿನ ಯಾವುದಕ್ಕೆ ಕೃತಜ್ಞತೆ ಅನ್ನಿಸಿತು ಅಂತ ನೋಟ್‌ಬುಕ್‌ನಲ್ಲಿ ಬರೆಯುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ಮೊದಮೊದಲು ತುಂಬಾ ಚೆನ್ನಾಗಿತ್ತು. ಈಗ ಹಿಂದಿನ ಪುಟ ತಿರುವಿದರೆ ಎಲ್ಲಾ ದಿನವೂ ಅದೇ ಸಾಲು: ಮನೆಯವರು ಜೊತೆಗಿದ್ದಾರೆ, ಕೆಲಸ ಇದೆ, ದೇವರ ದಯೆ. ಮೂರೂ ನಿಜವೇ. ಆದರೆ ಬರೆಯುವಾಗ ಮನಸ್ಸಿಗೆ ಏನೂ ತಟ್ಟುವುದಿಲ್ಲ, ಹಾಜರಿ ಹಾಕಿದ ಹಾಗೆ ಆಗಿಬಿಟ್ಟಿದೆ.

ಇನ್ನೊಂದು ವಿಷಯ. ಆಫೀಸಿನಲ್ಲಿ ಈಗ ಒತ್ತಡ ಜಾಸ್ತಿ, ಮನೆಯಲ್ಲಿ ಅತ್ತೆಗೆ ಹುಷಾರಿಲ್ಲ. ಪ್ರಾರ್ಥನೆಗೆ ಕೂತರೆ "ಇದು ಸರಿಯಾಗಲಿ, ಅದು ಸರಿಯಾಗಲಿ" ಅನ್ನುವುದು ಬಿಟ್ಟು ಬೇರೆ ಮಾತು ಬರುವುದೇ ಇಲ್ಲ. ಇಂಥ ಹೊತ್ತಿನಲ್ಲೂ ಬಲವಂತ ಮಾಡಿಕೊಂಡು ಧನ್ಯವಾದ ಹೇಳಬೇಕಾ? ಮನೆ, ಕೆಲಸ, ನಂಬಿಕೆ ಈ ಮೂರರಲ್ಲಿ ದಿನನಿತ್ಯ ನಿಮಗೆ ನಿಜವಾಗಿ ಏನು ಕಾಣಿಸುತ್ತದೆ, ಹೇಗೆ ಕಾಣಿಸುತ್ತದೆ ಅಂತ ತಿಳಿದುಕೊಳ್ಳುವ ಆಸೆ.

ಓದುಬರಹ

ಮೊದಲು, ದಿನಾ ಬರೆಯುವುದನ್ನು ನಿಲ್ಲಿಸಿ. ವಾರಕ್ಕೆ ಒಂದು ಸಲ ಸಾಕು. ಇದು ನಾನು ಸುಮ್ನೆ ಹೇಳುತ್ತಿರುವುದಲ್ಲ. ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲ್ಲೋ ಅನ್ನುವ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಮೊದಲ ಭಾಗದಲ್ಲಿ ಜನ ವಾರಕ್ಕೊಮ್ಮೆ ಮಾತ್ರ ಬರೆದರು, ಹತ್ತು ವಾರ. ಕೆಲವರು ಕೃತಜ್ಞತೆಯ ವಿಷಯ ಬರೆದರು, ಕೆಲವರು ಕಿರಿಕಿರಿಗಳನ್ನು ಬರೆದರು, ಇನ್ನು ಕೆಲವರು ವಾರದಲ್ಲಿ ನಡೆದದ್ದನ್ನಷ್ಟೇ ಬರೆದರು. ಕೃತಜ್ಞತೆ ಬರೆದವರಿಗೆ ತಮ್ಮ ಬದುಕಿನ ಬಗ್ಗೆ ಉಳಿದವರಿಗಿಂತ ಹೆಚ್ಚು ಸಮಾಧಾನ ಇತ್ತು. ದಿನಾ ಸಿಗುವುದಕ್ಕೆ ಮನಸ್ಸು ಬೇಗ ಒಗ್ಗಿಹೋಗುತ್ತದೆ ಅಲ್ವಾ, ಬರೆಯುವುದಕ್ಕೂ ಹಾಗೇ ಒಗ್ಗಿಹೋಗುತ್ತದೆ.

ಎರಡನೆಯದು, ಮೂರು ವಿಷಯ ಬೇಡ, ಒಂದೇ ಬರೆಯಿರಿ, ಆದರೆ ಪೂರ್ತಿ ಬರೆಯಿರಿ. "ಮನೆಯವರು" ಅಂದರೆ ಯಾರು? ಏನು ಮಾಡಿದರು? ಅದು ನಡೆದದ್ದು ಯಾಕೆ? ಈ "ಯಾಕೆ" ಬರೆಯುವಾಗಲೇ ನನಗೆ ವಿಷಯ ತೆರೆದುಕೊಳ್ಳುವುದು. ಯಾಕೆಂದರೆ ಹೆಚ್ಚಿನ ಸಲ ಅದರ ಹಿಂದೆ ಒಬ್ಬರು ತಮ್ಮ ನಿದ್ದೆಯನ್ನೋ ಸಮಯವನ್ನೋ ಬಿಟ್ಟುಕೊಟ್ಟಿರುತ್ತಾರೆ.

ಅದೂ ಬತ್ತಿಹೋದರೆ ತಿರುಗಿಸಿ ಯೋಚಿಸಿ ನೋಡಿ. ಈ ವ್ಯಕ್ತಿ ನನಗೆ ಸಿಗದೇ ಇದ್ದಿದ್ದರೆ? 2008ರ ಒಂದು ಅಧ್ಯಯನದಲ್ಲಿ, ಸಂಗಾತಿಯನ್ನು ಹೇಗೆ ಭೇಟಿಯಾದೆವು ಅಂತ ಬರೆದವರಿಗಿಂತ, ಭೇಟಿಯೇ ಆಗದಿರುವ ಸಾಧ್ಯತೆ ಎಷ್ಟಿತ್ತು ಅಂತ ಬರೆದವರಿಗೆ ಸಂಬಂಧದ ಬಗ್ಗೆ ಹೆಚ್ಚು ತೃಪ್ತಿ ಕಂಡುಬಂತು.

ಹಳೇಪೆನ್

ಓದುಬರಹ ಅವರ ಮೊದಲ ಎರಡು ಮಾತಿಗೆ ನನ್ನ ಒಪ್ಪಿಗೆ ಇದೆ. ಕೊನೆಯದಕ್ಕೆ ಇಲ್ಲ. ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಿರುವಾಗ "ಇವರು ಇಲ್ಲದಿದ್ದರೆ" ಅಂತ ಯೋಚಿಸುವುದು ಎದೆ ಹಿಂಡುತ್ತದೆ, ಅದರಿಂದ ಕೃತಜ್ಞತೆ ಬರುವುದಿಲ್ಲ, ಭಯ ಬರುತ್ತದೆ. ಇರುಳುದೀಪ ಅವರೇ, ಈಗ ನಿಮಗೆ ಅದು ಬೇಡ.

ನಮ್ಮ ಮನೆಯಲ್ಲಿ ಅಪ್ಪನಿಗೆ ಪಾರ್ಶ್ವವಾಯು ಆದ ಮೇಲೆ ಮಾತ್ರೆಗಳ ಜವಾಬ್ದಾರಿ ತಮ್ಮ ತೆಗೆದುಕೊಂಡ. ವಾರದ ಡಬ್ಬಿ ಇರುತ್ತದಲ್ಲ, ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಖಾನೆ ಇರುವುದು, ಅದನ್ನು ಅವನೇ ತುಂಬುತ್ತಾನೆ. ಒಂದು ದಿನ ಪಕ್ಕದಲ್ಲಿ ಕೂತು ಸುಮ್ನೆ ನೋಡಿದೆ. ಸ್ಟ್ರಿಪ್ ಕತ್ತರಿಸುವಾಗ ಮಾತ್ರೆಯ ಹೆಸರು ಮತ್ತು ಎಕ್ಸ್‌ಪೈರಿ ದಿನಾಂಕ ಇರುವ ಕಡೆ ಕೊನೆಯವರೆಗೂ ಉಳಿಯುವ ಹಾಗೆ ಕತ್ತರಿಸುತ್ತಾನೆ. ಅರ್ಧ ಮಾಡಬೇಕಾದ ಮಾತ್ರೆಯನ್ನು ಮೊದಲೇ ಅರ್ಧ ಮಾಡಿಡುತ್ತಾನೆ, ಅಪ್ಪನ ಬಲಗೈಗೆ ಶಕ್ತಿ ಇಲ್ಲ ಅಂತ. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿದ್ದಲ್ಲ. ಆ ಹೊತ್ತು ನನಗೆ ಏನಾಯಿತು ಅಂತ ವಿವರಿಸುವುದು ಕಷ್ಟ. ತಮ್ಮ ಒಳ್ಳೆಯವನು ಅಂತ ಮೊದಲೂ ಗೊತ್ತಿತ್ತು, ಆದರೆ ಗೊತ್ತಿರುವುದೇ ಬೇರೆ, ಕಣ್ಣಾರೆ ನೋಡುವುದೇ ಬೇರೆ.

ಅದಕ್ಕೇ ನಾನು ಹೇಳುವುದು ಇಷ್ಟೇ: ಮನೆಯವರು ಕೈಯಲ್ಲಿ ಏನು ಮಾಡುತ್ತಿದ್ದಾರೆ ಅಂತ ನೋಡಿ. ಐದು ನಿಮಿಷ ಸಾಕು. ಆ ರಾತ್ರಿ ಬರೆಯುವುದಕ್ಕೆ ವಿಷಯ ಹುಡುಕಬೇಕಾಗಿಲ್ಲ.

ಮೂರನೇಪಾಳಿ

ಕೆಲಸದ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಆಸ್ಪತ್ರೆಯ ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ನಾನು, ರಾತ್ರಿ ಪಾಳಿ ಜಾಸ್ತಿ.

"ಕೆಲಸ ಇದೆಯಲ್ಲ, ಅದಕ್ಕೇ ಖುಷಿಪಡು" ಅನ್ನುವ ಮಾತು ನನಗೆ ಇಷ್ಟವಿಲ್ಲ. ಆ ಮಾತು ಹೆಚ್ಚಾಗಿ ಬರುವುದು, ಒಬ್ಬರು ಜಾಸ್ತಿ ಪಾಳಿ ಆಯಿತು, ರಜೆ ಕೊಡಿ ಅಂತ ಕೇಳಿದಾಗ. ಕೃತಜ್ಞತೆ ಇರುವವರು ಬಾಯಿ ಮುಚ್ಚಿಕೊಂಡಿರಬೇಕು ಅಂತ ಯಾವ ನಿಯಮವೂ ಇಲ್ಲ. ಒತ್ತಡ ಜಾಸ್ತಿ ಆದರೆ ಹೇಳಿ, ಅದು ಬೇರೆ ಲೆಕ್ಕ.

ನನಗೆ ಕೆಲಸದಲ್ಲಿ ಧನ್ಯತೆ ಅನ್ನಿಸುವುದು ಪಾಳಿ ಬದಲಾಗುವ ಹೊತ್ತಿನಲ್ಲಿ. ಹಿಂದಿನ ಪಾಳಿಯವರು ಮಷೀನ್ ತೊಳೆದು, ರೀಏಜೆಂಟ್ (ಪರೀಕ್ಷೆಗೆ ಬಳಸುವ ರಾಸಾಯನಿಕ) ತುಂಬಿಸಿ, ಯಾವ ಸ್ಯಾಂಪಲ್ ಮತ್ತೆ ಹಾಕಬೇಕು, ಯಾವ ವಾರ್ಡಿಗೆ ಫೋನ್ ಮಾಡಿ ಆಯಿತು, ಯಾವುದಕ್ಕೆ ಇನ್ನೂ ಮಾಡಬೇಕು ಅಂತ ಚೀಟಿ ಬರೆದಿಟ್ಟು ಹೋಗಿರುತ್ತಾರೆ. ಅವರಿಗೂ ಸುಸ್ತಾಗಿರುತ್ತದೆ, ಮನೆಗೆ ಹೋಗುವ ಆತುರ ಇರುತ್ತದೆ, ಆದರೂ ಆ ಚೀಟಿ ಇರುತ್ತದೆ. ಅದು ಇದ್ದರೆ ನನ್ನ ಮೊದಲ ಒಂದು ಗಂಟೆ ನೆಮ್ಮದಿ, ಯಾವುದೋ ವಾರ್ಡಿನ ರೋಗಿಗೆ ರಿಪೋರ್ಟ್ ಬೇಗ ಸಿಗುತ್ತದೆ. ಈಗ ನಾನೂ ಚೀಟಿಯ ಕೆಳಗೆ ಒಂದು ಸಾಲು ಬರೆದಿಡುತ್ತೇನೆ, "ನಿನ್ನೆ ನೀವು ಬರೆದದ್ದರಿಂದ ಇಂಥದ್ದು ಸುಲಭವಾಯಿತು" ಅಂತ.

ಈ ಒಂದು ಸಾಲಿಗೆ ಎಷ್ಟು ಶಕ್ತಿ ಇದೆ ಅನ್ನುವುದಕ್ಕೆ ಒಂದು ಉದಾಹರಣೆ. ಆಡಮ್ ಗ್ರಾಂಟ್ ಮತ್ತು ಫ್ರಾನ್ಸೆಸ್ಕಾ ಜಿನೊ ಅನ್ನುವ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ವಿಶ್ವವಿದ್ಯಾಲಯಕ್ಕೆ ದೇಣಿಗೆ ಕೇಳಿ ಫೋನ್ ಮಾಡುವ ಸಿಬ್ಬಂದಿಯಲ್ಲಿ ಕೆಲವರಿಗೆ ಮೇಲಧಿಕಾರಿ ಬಂದು ಬಾಯ್ತುಂಬಾ ಧನ್ಯವಾದ ಹೇಳಿದರು. ಸಂಬಳ ಏನೂ ಬದಲಾಗಲಿಲ್ಲ. ಅವರು ಮಾಡಿದ ಕರೆಗಳು ಶೇಕಡಾ 50ಕ್ಕೂ ಹೆಚ್ಚು ಏರಿದವು. ತಮ್ಮ ಕೆಲಸ ಒಬ್ಬರ ಕಣ್ಣಿಗಾದರೂ ಬಿತ್ತು ಅನ್ನುವುದು ಅವರಿಗೆ ಸಾಕಾಯಿತು.

ಸಂಜೆಗಂಟೆ

ಬರೀ ಬೇಡಿಕೆಯೇ ಬರುತ್ತದೆ ಅಂದಿರಲ್ಲ. ಬರಲಿ ಬಿಡಿ. ಬೇಡುವುದೂ ನಂಬಿಕೆಯೇ. ಕೇಳಿಸಿಕೊಳ್ಳುವವರು ಇದ್ದಾರೆ ಅಂತ ಅನ್ನಿಸದಿದ್ದರೆ ಯಾರೂ ಕೇಳುವುದಿಲ್ಲ ಅಲ್ವಾ.

ನಾನು ಬೇರೆ ಬೇರೆ ಧರ್ಮಗಳ ಪ್ರಾರ್ಥನೆಗಳನ್ನು ಇಷ್ಟಪಟ್ಟು ಓದುತ್ತೇನೆ. ಬೈಬಲ್‌ನ 13ನೇ ಕೀರ್ತನೆ ನೋಡಿ, ಆರೇ ವಚನ ಇದೆ. ಶುರುವಾಗುವುದೇ "ದೇವರೇ, ಇನ್ನೂ ಎಷ್ಟು ಕಾಲ ನನ್ನನ್ನು ಮರೆತಿರುತ್ತೀಯ" ಅನ್ನುವ ಅಳಲಿನಿಂದ. ಮುಗಿಯುವ ಹೊತ್ತಿಗೆ ಉಪಕಾರ ನೆನೆದು ಹಾಡುತ್ತೇನೆ ಅನ್ನುತ್ತದೆ. ನಡುವೆ ಕಷ್ಟ ತೀರಿತು ಅಂತ ಎಲ್ಲೂ ಇಲ್ಲ. ದೂರು ಹೇಳಿದ ಬಾಯಲ್ಲೇ ಧನ್ಯವಾದವೂ ಬರಬಹುದು, ಮೊದಲು ದೂರು ಮುಗಿಸಿಕೊಂಡರೂ ತಪ್ಪಿಲ್ಲ. ಯಹೂದಿಗಳಲ್ಲಿ ಬೆಳಗ್ಗೆ ಎಚ್ಚರವಾದ ಕೂಡಲೇ ಹೇಳುವ "ಮೋದೆ ಅನಿ" ಅನ್ನುವ ತೀರಾ ಚಿಕ್ಕ ಪ್ರಾರ್ಥನೆ ಇದೆ. ಪ್ರಾಣವನ್ನು ಮತ್ತೆ ನನಗೆ ಕೊಟ್ಟೆಯಲ್ಲ ಅಂತ ಧನ್ಯವಾದ, ಅಷ್ಟೇ. ದಿನ ಒಳ್ಳೆಯದಾಗುತ್ತದೋ ಕೆಟ್ಟದಾಗುತ್ತದೋ ಇನ್ನೂ ಗೊತ್ತಿಲ್ಲದ ಹೊತ್ತಿನಲ್ಲಿ ಹೇಳುವುದು ಅದು. ಗೀತೆಯ 9ನೇ ಅಧ್ಯಾಯದ 26ನೇ ಶ್ಲೋಕದಲ್ಲಿ ಎಲೆ, ಹೂವು, ಹಣ್ಣು, ನೀರು, ಭಕ್ತಿಯಿಂದ ಏನು ಕೊಟ್ಟರೂ ಸ್ವೀಕರಿಸುತ್ತೇನೆ ಅನ್ನುತ್ತಾನೆ ಕೃಷ್ಣ. ನನಗೆ ಅದರಿಂದ ತುಂಬಾ ಧೈರ್ಯ ಬಂದಿದೆ. ದೊಡ್ಡ ಭಾವನೆ ಉಕ್ಕಿ ಬರಬೇಕಾಗಿಲ್ಲ, ಕೈಯಲ್ಲಿ ಇರುವುದನ್ನು ಕೊಟ್ಟರೆ ಆಯಿತು.

ನಾನು ಈಗ ಮಾಡುವುದು ಹೀಗೆ. ಒಂದು ಬೇಡಿಕೆ ಹೇಳಿದ ಕೂಡಲೇ, ಅದೇ ವಿಷಯದಲ್ಲಿ ಇವತ್ತು ಯಾರು ನೆರವಾದರು ಅಂತ ಅವರ ಹೆಸರು ಹೇಳುತ್ತೇನೆ. ಅತ್ತೆಗೆ ವಾಸಿಯಾಗಲಿ ಅಂತ ಕೇಳಿದಿರಾ, ಇವತ್ತು ಅವರ ಪಕ್ಕದಲ್ಲಿ ಯಾರು ಕೂತಿದ್ದರು, ಅವರ ಹೆಸರು ಹೇಳಿ. ಕಷ್ಟಕ್ಕೇ ಧನ್ಯವಾದ ಹೇಳಬೇಕಾಗಿಲ್ಲ, ನನಗಂತೂ ಅದು ಸಾಧ್ಯವೂ ಇಲ್ಲ.

ಇರುಳುದೀಪ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಸಂಜೆಗಂಟೆ ಅವರೇ, ನೀವು ಕೇಳಿದ ತಕ್ಷಣ ನೆನಪಾದದ್ದು ನಾದಿನಿ. ರಾತ್ರಿ ಅತ್ತೆಯ ಪಕ್ಕ ಮಲಗುವುದು ಅವಳೇ, ಬೆಳಗ್ಗೆ ಎದ್ದು ತನ್ನ ಕೆಲಸಕ್ಕೂ ಹೋಗುತ್ತಾಳೆ. ಅವಳಿಗೆ ಹೇಳಬೇಕು ಅನ್ನಿಸುತ್ತಿದೆ. ಆದರೆ ಅವಳಿಗೆ ಥ್ಯಾಂಕ್ಸ್ ಅಂದರೆ ಮುಜುಗರ, "ನಾನೇನು ಹೊರಗಿನವಳಾ" ಅಂತ ಎದ್ದು ಹೋಗುತ್ತಾಳೆ. ಇಂಥವರಿಗೆ ಹೇಗೆ ಹೇಳುತ್ತೀರಿ?

ಹಳೇಪೆನ್

ನನ್ನ ತಮ್ಮನೂ ಹಾಗೇ. ಅವನಿಗೆ ನಾನು ಥ್ಯಾಂಕ್ಸ್ ಅನ್ನಲೇ ಇಲ್ಲ. "ನೀನು ಮಾತ್ರೆ ಅರ್ಧ ಮಾಡಿಡುವುದರಿಂದ ಅಪ್ಪ ಈಗ ಯಾರನ್ನೂ ಕರೆಯದೆ ತಾವೇ ತೆಗೆದುಕೊಳ್ಳುತ್ತಿದ್ದಾರೆ, ನೋಡಿದೆಯಾ" ಅಂದೆ. ಅಷ್ಟಕ್ಕೇ ಅವನ ಮುಖ ಅರಳಿತು, ಆಮೇಲೆ ಮಾತ್ರೆಯ ಬಗ್ಗೆಯೇ ಅರ್ಧ ಗಂಟೆ ಮಾತಾಡಿದ. ಅವರು ಮಾಡಿದ ಕೆಲಸ ಏನು, ಅದರಿಂದ ಏನಾಯಿತು, ಅಷ್ಟು ಹೇಳಿ. ಹೊಗಳಿಕೆ ಬೇಡ.

ಓದುಬರಹ

ಮುಜುಗರದ ಬಗ್ಗೆ ಒಂದು ಮಾತು. ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ ಅನ್ನುವ ಸಂಶೋಧಕರು 2018ರಲ್ಲಿ ಇದನ್ನೇ ಪರೀಕ್ಷಿಸಿದ್ದರು. ಕೃತಜ್ಞತೆಯ ಪತ್ರ ಬರೆದವರು, ಓದುವವರಿಗೆ ಎಷ್ಟು ಮುಜುಗರ ಆಗಬಹುದು ಅಂದುಕೊಂಡಿದ್ದರೋ ಅಷ್ಟು ಆಗಲಿಲ್ಲ, ಸಂತೋಷ ಮಾತ್ರ ಅಂದುಕೊಂಡದ್ದಕ್ಕಿಂತ ಜಾಸ್ತಿ ಆಯಿತು. ಎದುರಿಗೆ ಹೇಳುವುದು ಕಷ್ಟ ಆದರೆ ಮೆಸೇಜ್ ಮಾಡಿ, ಅವರು ಕೆಲಸದಲ್ಲಿರುವಾಗ ಓದಿಕೊಳ್ಳಲಿ. ಎದ್ದು ಹೋಗುವ ಪ್ರಶ್ನೆಯೇ ಬರುವುದಿಲ್ಲ. ನಾಲ್ಕು ಸಾಲು ಸಾಕು, ಇವತ್ತೇ ಕಳಿಸಿ.