ಸಹಾಯ ಬೇಕು: 22 ಗೋಲು ಹೊಡೆದ ಹುಡುಗನಿಗೆ ಮೈನಸ್ 9 ಏಕೆ?

ನಮಸ್ಕಾರ. ನಾನು ಬೆಳಗಾವಿಯ ಟಿಳಕವಾಡಿಯವನು. ಕಾಲೇಜಿನ ದಿನಗಳಲ್ಲಿ ಹಾಕಿ ಆಡಿದ್ದೇನೆ, ಅದೂ ಮಣ್ಣಿನ ಮೈದಾನದಲ್ಲಿ. ಟೊರಾಂಟೊದಲ್ಲಿರುವ ತಮ್ಮನ ಮಗ ಹದಿನಾಲ್ಕರ ಹುಡುಗ, ಐಸ್ ಹಾಕಿಯಲ್ಲಿ ಫಾರ್ವರ್ಡ್. "ದೊಡ್ಡಪ್ಪ, ನಾನು ಮುಂದೆ ಬರುತ್ತೇನೆಯೇ, ನೋಡಿ ಹೇಳು" ಎಂದು ವಿಡಿಯೊ, ಅಂಕಿಅಂಶ ಎಲ್ಲ ಕಳಿಸಿದ್ದಾನೆ. 1964ರ ಟೋಕಿಯೊ ಚಿನ್ನದ ತಂಡದಲ್ಲಿದ್ದ ಬಂಡು ಪಾಟೀಲರ ಊರಿನವನಿಗೆ ಹಾಕಿ ಗೊತ್ತಿರಲೇಬೇಕೆಂದು ಅವನ ನಂಬಿಕೆ!

ಹತ್ತು ಪಂದ್ಯ ನೋಡಿದೆ. ಸ್ಕೇಟಿಂಗ್ ವೇಗ ಚೆನ್ನಾಗಿದೆ, ಪಕ್ (ಚೆಂಡಿನ ಬದಲಿಗೆ ಬಳಸುವ ಚಪ್ಪಟೆ ಬಿಲ್ಲೆ) ಸಿಕ್ಕ ಕೂಡಲೇ ತಲೆಯೆತ್ತಿ ಜೊತೆಗಾರರನ್ನು ಹುಡುಕುತ್ತಾನೆ. ಪಕ್ ಕಳೆದುಕೊಂಡ ಮೇಲೆ ಹಿಂದಕ್ಕೆ ಬರಲು ಮಾತ್ರ ಸೋಮಾರಿ (ಇದು ನಮ್ಮ ಮನೆತನದ ಗುಣ).

ನಾನು ಸಿಕ್ಕಿಬಿದ್ದದ್ದು ಇಲ್ಲಿ: ಗೋಲು 22, ಆದರೆ ಪ್ಲಸ್-ಮೈನಸ್ ಲೆಕ್ಕದಲ್ಲಿ (ಆಟಗಾರ ಕಣದಲ್ಲಿದ್ದಾಗ ತಂಡ ಗೋಲು ಹೊಡೆದರೆ ಪ್ಲಸ್, ಬಿಟ್ಟುಕೊಟ್ಟರೆ ಮೈನಸ್) ಮೈನಸ್ 9. ಎದುರಾಳಿ ತಂಡದವನೊಬ್ಬ ಶಿಕ್ಷೆಗೊಳಗಾಗಿ ಹೊರಗಿದ್ದಾಗ, ಅಂದರೆ ಪವರ್ ಪ್ಲೇಯಲ್ಲಿ ಹೊಡೆದ ಗೋಲಿಗೆ ಪ್ಲಸ್ ಸಿಗುವುದಿಲ್ಲ ಎಂದು ಓದಿಕೊಂಡೆ. ಅವನ 13 ಗೋಲು ಅಂಥವೇ. ಆದರೆ ಸಮಬಲದಲ್ಲಿ, ಅಂದರೆ ಎರಡೂ ಕಡೆ ಅಷ್ಟೇ ಆಟಗಾರರಿದ್ದಾಗ, ಗೋಲು ಬಿಟ್ಟುಕೊಟ್ಟರೆ ಗೋಲ್‌ಕೀಪರ್ ಬಿಟ್ಟು ಐಸ್ ಮೇಲಿದ್ದವರಿಗೆಲ್ಲ ಮೈನಸ್ ಬೀಳುತ್ತದೆ. ಹಾಗಾದರೆ ತಪ್ಪು ಇವನದೋ, ಜೊತೆಗಾರರದೋ?

ಬಲ್ಲವರು ಹೇಳಿ: ಈ ವಯಸ್ಸಿನ ಫಾರ್ವರ್ಡ್‌ನನ್ನು ಅಳೆಯುವಾಗ ಈ ಮೈನಸ್ಸಿಗೆ ಎಷ್ಟು ಬೆಲೆ ಕೊಡಬೇಕು? ವಿಡಿಯೊದಲ್ಲಿ ಇನ್ನೇನನ್ನು ಗಮನಿಸಬೇಕು?